ವೇದಿಕೆಯ ಮೇಲಷ್ಟೇ ಮಾತು

ಟೊಕುಜಿಗೆ ಹೆಂಡತಿಯ ಜೊತೆ ಮಾತಾಡುವ ಅವಕಾಶ ದಿನಕ್ಕೆ ಎರಡೇ ಸಲ ಸಿಗುತ್ತಿತ್ತು. ಎರಡು ಸಲವೂ ತುಂಬಿದ ಸಭೆಯ ಎದುರು, ಕಣ್ಣು ಕುಕ್ಕುವ ದೀಪದ ಕೆಳಗೆ, ಒಂದೇ ಮೈಕಿನ ಮುಂದೆ. ಪರದೆಯ ಹಿಂದೆ ಕಾಲಿಟ್ಟರೆ ಮುಗಿಯಿತು, ಮಿತ್ಸುವಿನ ಬಾಯಿಗೆ ಬೀಗ ಬೀಳುತ್ತಿತ್ತು. ಮನೆಯಲ್ಲಿ ಅವನು "ಅಲ್ಲ ಕಣೇ" ಎಂದು ಶುರು ಮಾಡಿದರೆ ಸಾಕು, ಅವಳು ವ್ಯಾಕ್ಯೂಮ್ ಕ್ಲೀನರ್ ಹಾಕಿಬಿಡುತ್ತಿದ್ದಳು. ಆ ಬೇಸಿಗೆಯಲ್ಲಿ ಇದ್ದಷ್ಟು ಚೊಕ್ಕಟವಾಗಿ ಅವರ ಮನೆ ಹಿಂದೆಂದೂ ಇರಲಿಲ್ಲ.

ಇಬ್ಬರದೂ ಮಂಜಾಯ್ ಕಸುಬು. ಗಂಡ ಹೆಂಡತಿ ಮೈಕಿನ ಮುಂದೆ ನಿಂತು ಜಗಳವಾಡುವುದು, ಜನ ಟಿಕೆಟ್ ಕೊಂಡು ಬಂದು ನಗುವುದು. ಒಬ್ಬರು ಪೆದ್ದುಪೆದ್ದಾಗಿ ಮಾತಾಡಬೇಕು, ಇನ್ನೊಬ್ಬರು ತಲೆಗೊಂದು ಬಿಟ್ಟು ತಿದ್ದಬೇಕು. ಒಸಾಕಾದ ತೆನ್ನೊಜಿಯ ಅಂಗಡಿ ಬೀದಿಯಲ್ಲಿ, ಚಪ್ಪಲಿ ಅಂಗಡಿಯ ಮಹಡಿಯ ಮೇಲಿನ ನಗೆಮನೆಯಲ್ಲಿ, ಟೊಕುಜಿ ಮೂವತ್ತು ವರ್ಷದಿಂದ ಪೆದ್ದ, ಮಿತ್ಸು ಮೂವತ್ತು ವರ್ಷದಿಂದ ತಿದ್ದುವವಳು. ಗಂಡನ ಜೊತೆ ಮಾತು ಬಿಟ್ಟೆನೆಂದು ಕಸುಬು ಬಿಡುವ ಹೆಂಗಸಲ್ಲ ಅವಳು. ಹೀಗಾಗಿ ಸಂಸಾರದ ಸಮಾಚಾರವೆಲ್ಲ ಅವನಿಗೆ ವೇದಿಕೆಯ ಮೇಲೇ ತಿಳಿಯಬೇಕಿತ್ತು. ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದು ಅವಳು ಅಲ್ಲಿ ಬೈದಳು, ಜನ ಬಿದ್ದು ಬಿದ್ದು ನಕ್ಕರು, ಮರುದಿನ ಅವನು ಪ್ಲಂಬರನ್ನು ಕರೆಸಿದ. ರಕ್ತದೊತ್ತಡದ ಮಾತ್ರೆ ಮುಗಿದದ್ದೂ ಹಾಗೆಯೇ ಗೊತ್ತಾಯಿತು.

ಇಷ್ಟಕ್ಕೆಲ್ಲ ಕಾರಣ ವಸಂತದಲ್ಲಿ ಟೊಕುಜಿ ರೇಡಿಯೋದಲ್ಲಿ ಆಡಿದ ಒಂದು ಮಾತು. ನಿಮ್ಮ ಜೋಡಿ ಇಷ್ಟು ವರ್ಷ ಉಳಿದಿರುವ ಗುಟ್ಟೇನು ಎಂದು ಯಾರೋ ಕೇಳಿದ್ದಕ್ಕೆ, "ಗುಟ್ಟೇನು ಬಂತು, ನನ್ನ ಪಕ್ಕ ಒಂದು ಕಂಬ ನೆಟ್ಟು ಅದಕ್ಕೊಂದು ಕೈ ಅಂಟಿಸಿದ್ರೂ ಜನ ಇಷ್ಟೇ ನಗ್ತಾರೆ" ಎಂದುಬಿಟ್ಟ. ಪೆದ್ದ ಆಡಬೇಕಾದ ಮಾತೇ ಅದು. ಮಿತ್ಸು ಪಕ್ಕದಲ್ಲಿದ್ದಿದ್ದರೆ ತಲೆಗೊಂದು ಬೀಳುತ್ತಿತ್ತು, ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವತ್ತು ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಳು. ತಿದ್ದುವವರಿಲ್ಲದ ಪೆದ್ದುಮಾತು ನಿಜದ ಮಾತಾಗಿ ಊರೆಲ್ಲ ಹರಡಿತು. ಅವಳೂ ಅದನ್ನು ಆ ಡಾಕ್ಟರ ರೇಡಿಯೋದಲ್ಲೇ ಕೇಳಿದಳು, ಸೂಜಿ ಚುಚ್ಚಿಸಿಕೊಂಡು, ಅರ್ಧ ಬಾಯಿ ಮರಗಟ್ಟಿ ಕೂತಿದ್ದಾಗ. ಕೂಗಾಡಿ ಮನಸ್ಸು ಹಗುರ ಮಾಡಿಕೊಳ್ಳೋಣವೆಂದರೆ ತುಟಿ ಅಲ್ಲಾಡಲಿಲ್ಲ. ಸಂಜೆಗೆ ಬಾಯಿ ಸರಿಹೋಯಿತು, ಅವಳು ಸರಿಹೋಗಲಿಲ್ಲ.

ಹೋದ ವಾರ ವೇದಿಕೆಯ ಮೇಲೆ ಅವಳು ಹೊಸದೊಂದು ಮಾತು ಸೇರಿಸಿದಳು. ಒಂದನೇ ತಾರೀಕು ಬೆಳಿಗ್ಗೆ ಕಾಗೊಶಿಮಾದ ಅಕ್ಕನ ಮನೆಗೆ ಹೋಗಿ ಅಲ್ಲೇ ಇದ್ದುಬಿಡ್ತೀನಿ, ಅಲ್ಲಿ ಬೆಂಕಿಬೆಟ್ಟದಿಂದ ದಿನಾ ತಲೆ ಮೇಲೆ ಬೂದಿ ಬೀಳುತ್ತೆ, ಆದ್ರೂ ನಿನ್ನ ಜೊತೆ ಇರೋದಕ್ಕಿಂತ ವಾಸಿ ಎಂದಳು. ಸಭೆ ಹುಚ್ಚೆದ್ದು ನಕ್ಕಿತು. ಟೊಕುಜಿ ಕೂಡ ಒಳಗೊಳಗೇ ಭೇಷ್ ಎಂದ, ಒಳ್ಳೆಯ ಸರಕು ಸಿಕ್ಕಿತೆಂದು ಹಿಗ್ಗಿದ. ಮನೆಗೆ ಬಂದು ನೋಡಿದರೆ ಅವಳ ದೊಡ್ಡ ಸೂಟ್‌ಕೇಸು ಕೋಣೆಯ ನಡುವೆ ಬಾಯಿ ತೆರೆದು ಬಿದ್ದಿತ್ತು. ಸುಡುವ ಜುಲೈ ತಿಂಗಳಲ್ಲಿ ಅದರೊಳಗೆ ಅವಳು ಚಳಿಗಾಲದ ಕೋಟನ್ನು ಮಡಿಸಿ ಇಟ್ಟಿದ್ದಳು. ನಾಲ್ಕು ದಿನ ಇದ್ದು ಬರುವವರು ಉಣ್ಣೆಯ ಕೋಟು ಒಯ್ಯುವುದಿಲ್ಲ. ಟೊಕುಜಿ ಪೆದ್ದನ ವೇಷ ಹಾಕುತ್ತಿದ್ದನೇ ಹೊರತು ನಿಜವಾಗಿ ಪೆದ್ದನಲ್ಲ.

ಇವತ್ತು ತಿಂಗಳ ಕೊನೆಯ ದಿನ. ಸಂಜೆಯ ಆಟ ಬೇರೆಯವರದು, ಇವರಿಗೆ ಮಧ್ಯಾಹ್ನದ್ದೊಂದೇ. ಆ ಹತ್ತು ನಿಮಿಷದಲ್ಲಿ 'ಹೋಗಬೇಡ' ಎಂದು ಹೇಳದಿದ್ದರೆ ಇನ್ನು ಹೇಳುವುದಕ್ಕೆ ಜಾಗವೇ ಇಲ್ಲ. ಹೇಳಬೇಕಾದದ್ದು ಒಂದೇ ಪದ. ಆದರೆ ಮೂವತ್ತು ವರ್ಷ ತಪ್ಪು ಉತ್ತರ ಕೊಟ್ಟೇ ಅನ್ನ ತಿಂದ ಬಾಯಿ ಅದು. ಶೌಚಾಲಯದ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ. "ಹೋಗ್ಬೇಡ ಕಣೇ" ಎಂದಿತು ಬಾಯಿ. ಅಷ್ಟಕ್ಕೆ ನಿಲ್ಲದೆ, "ಹೋಗೋದಾದ್ರೆ ಬರ್ತಾ ತೋಫು ತಗೊಂಬಾ" ಎಂದೂ ಸೇರಿಸಿತು. ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಮುದುಕ ಕಿಸಕ್ಕನೆ ನಕ್ಕ. ಟೊಕುಜಿಗೆ ಅಳು ಬರುವಂತಾಯಿತು.

ಬಣ್ಣದ ಕೋಣೆಯಲ್ಲಿ ಮಿತ್ಸು ಗೋಡೆಗೆ ಮುಖ ಮಾಡಿ ಪೌಡರ್ ಹಚ್ಚಿಕೊಳ್ಳುತ್ತಿದ್ದಳು. ಆಗ ಜಾದೂಗಾರ ರಾಯ್ಜೊ ತನ್ನ ಆಟ ಮುಗಿಸಿ ಸೋತ ಮುಖ ಹೊತ್ತುಕೊಂಡು ಒಳಗೆ ಬಂದ.

"ಅಣ್ಣಾ, ಹುಷಾರು. ಮುಂದಿನ ಸಾಲಲ್ಲಿ ಪರದೇಶದವನೊಬ್ಬ ಕೂತಿದ್ದಾನೆ," ಎಂದ. "ನಾನು ಟೋಪಿಯಿಂದ ಪಾರಿವಾಳ ತೆಗೀತಿದ್ದ ಹಾಗೇ ಎದ್ದು ನಿಂತು, ಆ ಪಕ್ಷಿಗೆ ಉಸಿರಾಟದ ತೊಂದರೆ ಉಂಟಾಗಲಿಲ್ಲವೇ ಅಂತ ಕೇಳ್ತಾನೆ. ಏನು ಹೇಳ್ಲಿ ನಾನು? ಇಲ್ಲ ಸ್ವಾಮಿ, ಹಿಂದೆ ತೂತಿದೆ ಅಂದ್ಬಿಟ್ಟೆ. ಆಟ ಎಕ್ಕುಟ್ಟೋಯ್ತು."

ಈ ಮನುಷ್ಯನ ಕಾಟ ಬೆಳಗಿನಿಂದಲೂ ನಡೆದಿತ್ತು. ಎಲ್ಲಿಂದ ಬಂದಿರಿ ಎಂದು ನಿರೂಪಕ ಸುಮ್ಮನೆ ವಾಡಿಕೆಗೆ ಕೇಳಿದ್ದಕ್ಕೆ ಎದ್ದು ನಿಂತು, ತನ್ನ ಹೆಸರು ಆರ್ವಿದ್, ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಟ್ರಾಮ್ ಓಡಿಸಿ ನಿವೃತ್ತನಾದವನು, ಸಂಜೆ ತರಗತಿಯಲ್ಲಿ ಆರು ವರ್ಷ ಜಪಾನಿ ಕಲಿತವನು, ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು ಎಂದು ಒಂದೂ ಬಿಡದೆ ಹೇಳಿದ್ದ. ಹಾಡುಗಾರ್ತಿ ಬಂದು ಏನು ಸೆಖೆ ಅಲ್ವಾ ಎಂದರೆ, ಹೌದು, ವಿಶೇಷವಾಗಿ ಅಪರಾಹ್ನದ ವೇಳೆಯಲ್ಲಿ ಎಂದಿದ್ದ. ಅವನ ಮಾತು ಪೂರ್ತಿ ಪುಸ್ತಕದ್ದು, ಇಸ್ತ್ರಿ ಹಾಕಿ ಮಡಿಸಿಟ್ಟಂಥದ್ದು. ನಗೆಮನೆಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಪ್ರೇಕ್ಷಕನಷ್ಟು ಅಪಾಯದ ಪ್ರಾಣಿ ಇನ್ನೊಂದಿಲ್ಲ.

ಟೊಕುಜಿ ಪರದೆಯ ಸಂದಿಯಿಂದ ಇಣುಕಿದ. ಆಳು ಬಾಗಿಲಷ್ಟು ಎತ್ತರ, ಪುಟ್ಟ ಕುರ್ಚಿಯಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಮುದುಡಿ ಕೂತಿದ್ದ. ಎರಡೂ ಕಡೆಯ ಹೆಂಗಸರು ಅವನನ್ನು ಆಗಲೇ ದತ್ತು ತೆಗೆದುಕೊಂಡಂತಿತ್ತು. ಒಬ್ಬಳು ತನ್ನ ಊಟದ ಡಬ್ಬಿಯಿಂದ ಮೊಟ್ಟೆಯ ಸುರುಳಿ ತಿನ್ನಿಸುತ್ತಿದ್ದಳು, ಇನ್ನೊಬ್ಬಳು ಅವನ ಜೇಬಿಗೆ ಪೆಪ್ಪರ್‌ಮೆಂಟು ತುರುಕುತ್ತಿದ್ದಳು. ಒಂದೊಂದು ಪೆಪ್ಪರ್‌ಮೆಂಟಿಗೂ ಅವನು ಬೇರೆಬೇರೆಯಾಗಿ ತಲೆಬಾಗಿ ವಂದಿಸುತ್ತಿದ್ದ. ಇವನೊಬ್ಬ ಬಾಕಿಯಿದ್ದ ನನ್ನ ಗ್ರಹಚಾರಕ್ಕೆ ಎಂದುಕೊಂಡ ಟೊಕುಜಿ.

ಆಟ ಶುರುವೆಂದು ಶಾಮಿಸೆನ್ ತಂತಿವಾದ್ಯ ನುಡಿಯಿತು. ಗಂಡ ಹೆಂಡತಿ ಚಪ್ಪಾಳೆ ತಟ್ಟುತ್ತ ಮೈಕಿಗೆ ಬಂದು ತಲೆಬಾಗಿದರು. ಆರ್ವಿದ್ ಎದ್ದು ಅವರಿಗಿಂತ ಆಳವಾಗಿ ಬಾಗಿದ. ಶುರುವಿನಲ್ಲೇ ನಗು ಸಿಕ್ಕಿತು. ಮಾಮೂಲಿ ಮಾತುಗಳು ಒಂದರ ಹಿಂದೆ ಒಂದು ಸಲೀಸಾಗಿ ಹೋದವು, ಅತ್ತೆಯ ಗೊರಕೆ, ಪಕ್ಕದ ಮನೆಯ ಬೆಕ್ಕು, ಟೊಕುಜಿಯ ಬೊಕ್ಕತಲೆ. ಆಮೇಲೆ ಮಿತ್ಸು ಅದೇ ಧಾಟಿಯಲ್ಲಿ, ದನಿ ಏರಿಸದೆ ಇಳಿಸದೆ, ಆ ಮಾತು ಎತ್ತಿದಳು.

"ನಾಳೆ ಬೆಳಿಗ್ಗೆ ನಾನು ಕಾಗೊಶಿಮಾಕ್ಕೆ ಹೋಗ್ತಿದ್ದೀನಿ ಕಣಯ್ಯ. ಇನ್ಮೇಲೆ ನಿನ್ನ ಅನ್ನ ನೀನೇ ಬೇಯಿಸ್ಕೋಬೇಕು."

ಈಗಲೇ ಹೇಳಬೇಕು ಎಂದು ಟೊಕುಜಿ ಬಾಯಿ ತೆರೆದ. ಹೋಗಬೇಡ ಎಂಬುದು ನಾಲಿಗೆಯ ತುದಿಯವರೆಗೂ ಬಂದಿತ್ತು.

"ಅಕ್ಕಿ ತೊಳೆಯೋಕೆ ಯಾವ ಸೋಪು ಹಾಕ್ಬೇಕು?" ಎಂದಿತು ಬಾಯಿ.

ಸಭೆ ಉರುಳಾಡಿತು. ಮಿತ್ಸುವಿನ ಕೈ ಗುರಿ ತಪ್ಪದೆ ಅವನ ತಲೆಗೆ ಬಂತು. ಆದರೆ ಅವಳ ಕಣ್ಣು ಅವನ ಮುಖದ ಮೇಲೆ ಕಸುಬಿಗೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು. ಅದು ಟೊಕುಜಿಗೆ ಕಂಡಿತು. ಅವಳೇ ಮತ್ತೊಂದು ದಾರಿ ಬಿಟ್ಟುಕೊಟ್ಟಳು.

"ನಾನು ತಮಾಷೆ ಮಾಡ್ತಿಲ್ಲ. ಟಿಕೆಟ್ ತಗೊಂಡಾಗಿದೆ."

"ಒಂದೇನಾ? ಎರಡು ತಗೊಂಡಿದ್ರೆ ಕಿಟಕಿ ಪಕ್ಕ ನಾನು ಕೂರ್ತಿದ್ದೆ."

ಮತ್ತೆ ಏಟು, ಮತ್ತೆ ನಗು. ಹತ್ತು ವರ್ಷದಲ್ಲಿ ಅವರ ಆಟ ಅಷ್ಟು ಚೆನ್ನಾಗಿ ಕೂಡಿಬಂದಿರಲಿಲ್ಲ. ತನ್ನ ಸಂಸಾರ ಮುಳುಗುವುದನ್ನು ನೋಡಿ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಅವರನ್ನು ನಗಿಸುತ್ತಿದ್ದವನೂ ತಾನೇ. ಬಾಯಿಗೆ ಬಟ್ಟೆ ತುರುಕಿಕೊಳ್ಳಬೇಕು ಎನಿಸಿತು ಟೊಕುಜಿಗೆ.

ನಗದೆ ಇದ್ದವನು ಆರ್ವಿದ್ ಒಬ್ಬನೇ. ಕೆನ್ನೆಯಲ್ಲಿ ಪೆಪ್ಪರ್‌ಮೆಂಟು ಹಾಗೇ ನಿಂತುಹೋಗಿತ್ತು, ಹಣೆ ಗಂಟಿಕ್ಕಿತ್ತು. ಅವನು ಶಾಲೆಯ ಮಕ್ಕಳಂತೆ ನೆಟ್ಟಗೆ ಕೈ ಎತ್ತಿದ. ಯಾರೂ ಮಾತಾಡು ಎನ್ನಲಿಲ್ಲ. ಸ್ವಲ್ಪ ಹೊತ್ತು ಕಾದು ತಾನೇ ಎದ್ದು ನಿಂತ.

"ಮಾನ್ಯರೇ, ನಡುವೆ ಮಾತನಾಡುವುದಕ್ಕಾಗಿ ಕ್ಷಮೆ ಕೋರುತ್ತೇನೆ. ನನ್ನ ಭಾಷಾಜ್ಞಾನ ಅಲ್ಪವಾದದ್ದು. ಆದರೆ ಶ್ರೀಮತಿಯವರು ನಿಜವಾಗಿಯೂ ಹೊರಟಿದ್ದಾರೆಂದು ನನಗೆ ತೋರುತ್ತದೆ. ತಾವು ಇನ್ನೂ ಉತ್ತರ ಕೊಟ್ಟಿಲ್ಲ."

ಸೂರು ಹಾರಿಹೋಗುವಂತೆ ನಕ್ಕರು ಜನ. ಪಕ್ಕದ ಹೆಂಗಸು ಅವನ ಬೆನ್ನಿಗೆ ಎರಡು ಗುದ್ದಿದಳು. ಆಮೇಲೆ ಎಲ್ಲರೂ ಮಿತ್ಸುವಿನ ಕಡೆ ತಿರುಗಿದರು. ಇನ್ನು ಅವಳು ಈ ಪರದೇಶದವನಿಗೂ ಒಂದು ಬಿಟ್ಟು ತಿದ್ದುತ್ತಾಳೆ ಎಂದು ಕಾದರು. ಅವಳ ಕೈ ಅರ್ಧ ಮೇಲೆದ್ದಿತು. ಅಲ್ಲೇ ನಿಂತಿತು. ತಪ್ಪಿದ್ದರೆ ತಾನೇ ತಿದ್ದುವುದು? ಆ ಮನುಷ್ಯನ ಮಾತಿನಲ್ಲಿ ತಿದ್ದುವುದಕ್ಕೆ ಏನೂ ಇರಲಿಲ್ಲ.

"ನೋಡಯ್ಯ," ಎಂದಳು ಗಂಡನಿಗೆ. "ಏಳು ಸಮುದ್ರ ದಾಟಿ ಬಂದೋರಿಗೆ ಅರ್ಥ ಆಯ್ತು. ಒಂದೇ ಸೂರಿನ ಕೆಳಗೆ ಇರೋನಿಗೆ ಆಗ್ಲಿಲ್ಲ."

ಈ ಸಲ ನಗು ಅಲ್ಲೊಂದು ಇಲ್ಲೊಂದು ಬಂತು. ಟೊಕುಜಿ ಆರ್ವಿದ್‌ನನ್ನು ನೋಡಿದ. ಅವನು ಇನ್ನೂ ನಿಂತೇ ಇದ್ದ, ಓಡಿಬರುವ ಕೊನೆಯ ಪ್ರಯಾಣಿಕ ಹತ್ತಿಕೊಳ್ಳಲಿ ಎಂದು ಟ್ರಾಮ್ ನಿಲ್ಲಿಸಿಕೊಂಡ ಚಾಲಕನ ಹಾಗೆ. ಆ ಉದ್ದ ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಜನ್ಮವೆಲ್ಲ ಟೊಕುಜಿ ಹೆದರಿದ್ದು ಇಂಥ ಮುಖಕ್ಕೇ, ನಗದ ಮುಖಕ್ಕೆ. ಇವತ್ತು ಮಾತ್ರ ಅದನ್ನು ನೋಡಿ ಅವನಿಗೆ ಧೈರ್ಯ ಬಂತು. ನಗುವವರನ್ನು ಕಂಡರೆ ತಾನೇ ಈ ಹಾಳು ಬಾಯಿ ಬಾಲ ಬಿಚ್ಚುವುದು.

"ಇಲ್ಲ ಸ್ವಾಮಿ, ಕೊಟ್ಟಿಲ್ಲ," ಎಂದ ಆರ್ವಿದ್‌ಗೆ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಹೋಗ್ಬೇಡ ಕಣೇ. ಕಂಬ ಅಂದಿದ್ದು ತಪ್ಪಾಯ್ತು. ಕಂಬ ನಾನು. ನೀನು ಪಕ್ಕದಲ್ಲಿದ್ರೆ ಜನ ನನ್ನ ನೋಡಿ ನಗ್ತಾರೆ. ನೀನಿಲ್ದಿದ್ರೆ ಅಯ್ಯೋ ಪಾಪ ಅಂತಾರೆ."

ಒಬ್ಬರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಊಟದ ಡಬ್ಬಿ ಮುಚ್ಚಿದ ಸದ್ದು ಕೇಳಿಸಿತು. ಅಂಥ ಮೌನ ಅವನ ಆಟದಲ್ಲಿ ಎಂದೂ ಬಿದ್ದಿರಲಿಲ್ಲ. ಹೊತ್ತಾಯಿತು ಎಂದು ಎದುರಿನ ಕೆಂಪು ದೀಪ ಮಿನುಗತೊಡಗಿತು. ಈ ಕಸುಬಿನಲ್ಲಿ ಆಟ ಮುಗಿಸುವ ಹಕ್ಕು ತಿದ್ದುವವರದು. "ಸಾಕು ನಡಿಯಯ್ಯ" ಎಂದು ಅವಳು ಹೇಳಬೇಕು, ಇಬ್ಬರೂ ತಲೆಬಾಗಬೇಕು, ಹೊರಡಬೇಕು. ಪ್ರತಿ ಆಟದ ಕೊನೆಗೂ ಕೇಳಿದ ಮಾತು. ಈಗ ಆ ಮಾತು ಅವಳ ಬಾಯಿಂದ ಬಂದರೆ ನಿಜವಾಗಿಯೂ ಸಾಕು ಎಂದೇ ಅರ್ಥ ಎಂದು ಟೊಕುಜಿಗೆ ಹೊಳೆಯಿತು.

ಮಿತ್ಸು ಮೈಕಿಗೆ ಬಾಗಿದಳು. ತುಟಿ ತೆರೆಯಿತು, ಮುಚ್ಚಿಕೊಂಡಿತು. ಏನೂ ಹೇಳದೆ ಸಭೆಗೆ ತಲೆಬಾಗಿದಳು. ಟೊಕುಜಿ ಗಡಿಬಿಡಿಯಿಂದ ತಾನೂ ಬಾಗಿದ. ಆಟ ಮುಗಿಯಿತೋ ಇಲ್ಲವೋ ತಿಳಿಯದೆ ಜನ ಮುಖ ಮುಖ ನೋಡಿಕೊಂಡರು, ಆಮೇಲೆ ಯಾರೋ ಶುರು ಮಾಡಿದ ಚಪ್ಪಾಳೆಯನ್ನು ಎಲ್ಲರೂ ಹಿಡಿದರು. ಆರ್ವಿದ್ ವೇದಿಕೆಗೆ ಮತ್ತೊಮ್ಮೆ ಆಳವಾಗಿ ಬಾಗಿ, ಸಮಾಧಾನದಿಂದ ಕೂತು, ಪೆಪ್ಪರ್‌ಮೆಂಟನ್ನು ಕಡಿದ.

ಪರದೆಯ ಹಿಂದೆ ಮಿತ್ಸು ಮುಂದೆ, ಟೊಕುಜಿ ಹಿಂದೆ. ರಾಯ್ಜೊನ ಪಾರಿವಾಳದ ಪಂಜರಗಳ ಹತ್ತಿರ ಅವಳು ಗಕ್ಕನೆ ನಿಂತು ತಿರುಗಿದಳು. ಮೈಕಿರಲಿ, ದೀಪವಿರಲಿ, ಅಲ್ಲಿ ಏನೂ ಇರಲಿಲ್ಲ. ವಸಂತದ ನಂತರ ಮೊದಲ ಸಲ ಅವಳು ಬರಿಯ ಗಂಡನ ಎದುರು ಬಾಯಿ ಬಿಟ್ಟಳು.

"ಏನಯ್ಯ ಅದು? ಅಷ್ಟು ತಡ ಮಾಡಿದ್ರೆ ನಗು ಎಲ್ಲಿಂದ ಬರುತ್ತೆ? ಹೋಗ್ಬೇಡ ಅನ್ನೋದನ್ನ ಸೋಪಿನ ಮಾತಾದ ತಕ್ಷಣ ಹೇಳ್ಬೇಕಿತ್ತು. ನಾಳೆ ಮಧ್ಯಾಹ್ನದ ಆಟದಲ್ಲಿ ಸರಿಯಾಗಿ ಹೇಳು."

ಟೊಕುಜಿ, ಬಾಯಿ ತೆರೆದರೆ ಏನು ಉದುರುತ್ತದೋ ಎಂಬ ಹೆದರಿಕೆಗೆ ಎರಡೂ ಕೈಯಿಂದ ಅದನ್ನು ಗಟ್ಟಿಯಾಗಿ ಮುಚ್ಚಿಕೊಂಡು, ಆಗಲಿ ಆಗಲಿ ಎಂದು ತಲೆ ಆಡಿಸುತ್ತಲೇ ಇದ್ದ.