ರಾಕೆಟ್ಟಿಗೆ ಮೀಸೆ

ಮೂವತ್ತು ವರ್ಷದಿಂದ ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಹಚ್ತಿರೋಳು ನಾನು, ಅಖ್ತರಿ. ನನಗೇ ಬಣ್ಣ ಹಚ್ಚೋದು ಕಲಿಸೋಕೆ ಬಂದರು, ವಿಜ್ಞಾನದ ಮೇಷ್ಟ್ರು ಮುನಿಯಪ್ಪ!

ತಂದಿದ್ದು ರಟ್ಟಿನ ರಾಕೆಟ್ಟು. ಸ್ಕೂಲ್ ಮೈದಾನದಲ್ಲಿ ನಿಜವಾಗ್ಲೂ ಹಾರಿಸ್ತಾರಂತೆ.

"ಮೊದಲು ಪ್ರೈಮರ್ ಹೊಡೀರಿ. ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ. ಆಮೇಲೆ ಬರೀ ಬಿಳಿ ಬಣ್ಣ," ಅಂದರು.

ನಮ್ಮ ಅರಗಿನ ಬಣ್ಣ ಲೇತ್ ಮೆಷಿನ್ನಲ್ಲಿ ತಿರುಗೋ ಮರಕ್ಕೆ ಮಾತ್ರ ಹತ್ತೋದು, ರಟ್ಟಿಗಲ್ಲ. ಹಲ್ಲು ಕಚ್ಕೊಂಡು ಅವರು ಹೇಳಿದಂಗೇ ಮಾಡಿದೆ. ರಾಕೆಟ್ಟು ಮೊಟ್ಟೆ ಥರ ಹೊಳೀತು. ಆದರೆ ಕೈ ಸುಮ್ನಿರಬೇಕಲ್ಲ? ದುಂಡನೆ ತಲೆ ಕಂಡಿದ್ದೇ ತಡ, ಅಭ್ಯಾಸಬಲ, ಎರಡು ಕಣ್ಣು, ಒಂದು ಮೀಸೆ ಬರೆದೇಬಿಡ್ತು.

"ರಾಕೆಟ್ಟಿಗೆ ಮೀಸೆ ಯಾಕಮ್ಮ?" ಮೇಷ್ಟ್ರು ಸಿಡಿದರು.

"ಹಾರೋಕೇನು ಅಡ್ಡ ಬರಲ್ಲ ಸಾರ್," ಅಂದೆ, ನಾನೂ ಜೋರಾಗೇ.

ಹಾರ್ತು. ಗಾಳಿಗೆ ಸಿಕ್ಕಿ ಹಿಪ್ಪುನೇರಳೆ ತೋಟದ ಕಡೆ ಹೋಗಿ ಮಾಯವಾಯ್ತು. ಮಕ್ಕಳೆಲ್ಲ ಹುಡುಕಿದರೂ ಸಿಗಲಿಲ್ಲ. ಮೇಷ್ಟ್ರು ತಲೆ ಮೇಲೆ ಕೈ ಹೊತ್ಕೊಂಡು ಕೂತರು.

ಸಂಜೆ ತೋಟದ ಬೈರಪ್ಪ ಅದನ್ನ ಟವೆಲಲ್ಲಿ ಸುತ್ಕೊಂಡು ಸೀದಾ ನನ್ನ ಅಂಗಡಿಗೆ ಬಂದ. "ಸೊಪ್ಪು ಕುಯ್ಯುವಾಗ ಸಿಕ್ತು ಕಣಕ್ಕ. ಈ ಮೀಸೆ ನಿನ್ನ ಕೈದೇ ಅಂತ ಗೊತ್ತಾಗೋಯ್ತು."

ಆವತ್ತೇ ಅದನ್ನ ಮೇಷ್ಟ್ರಿಗೆ ಮುಟ್ಟಿಸಿ, ಬೈರಪ್ಪ ಅಂದಿದ್ದನ್ನೂ ಹೇಳಿದೆ. ಮಾರನೇ ದಿನ ಅವರು ಇನ್ನೊಂದು ರಾಕೆಟ್ಟು ತಂದರು. ಸುತ್ತ ಯಾರೂ ಇಲ್ಲ ಅಂತ ನೋಡ್ಕೊಂಡು ಮೆಲ್ಲಗೆ ಅಂದರು:

"ಇದಕ್ಕೆ ಮೀಸೆ ಒಸಿ ದೊಡ್ಡದಾಗೇ ಇರಲಮ್ಮ."