ಮಚ್ಛೆ ದಾಟುವುದರೊಳಗೆ

ಅನುಜಾಳ ಹೊಟ್ಟೆಗೆ ಯಾವ ರೋಗವೂ ಇರಲಿಲ್ಲ. ಹಾಗೆಂದು ಮೂರು ರಿಪೋರ್ಟುಗಳು ಹೇಳಿದ್ದವು. ಆದರೂ ಬೆಳಗ್ಗೆ ಖಾನಾಪುರದಲ್ಲಿ ಬಸ್ಸು ಹಿಡಿಯುವ ಮೊದಲು ನಾಲ್ಕು ಸಲ ಸಂಡಾಸಿಗೆ ಓಡಬೇಕು, ಮಧ್ಯಾಹ್ನ ಹೊಟ್ಟೆ ಉಬ್ಬಬೇಕು, ಸಂಜೆಗೆ ಕಿವುಚಿ ಕಿವುಚಿ ನೋಯಬೇಕು. ವರ್ಷದಲ್ಲಿ ಎಂಟು ಕಿಲೋ ಇಳಿದಿದ್ದಳು. ರಿಪೋರ್ಟಿಗೇನು, ಅದು ಸಂಡಾಸಿನ ಬಾಗಿಲಲ್ಲಿ ನಿಂತು ನೋಡಿದೆಯೇ?

ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೌಂಟರ್ ಅವಳದು. ಡಾಕ್ಟರು ತಡವಾದರೂ ಬೈಗುಳ ಅವಳಿಗೇ, ಲಿಫ್ಟು ಕೆಟ್ಟರೂ ಅವಳಿಗೇ. ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ. ಇಷ್ಟಾದರೂ ಆ ಕುರ್ಚಿ ಅವಳಿಗೆ ಬೇಕಿತ್ತು. ಮದುವೆಗೆ ಮೊದಲೇ ತಾನಾಗಿ ಸಂಪಾದಿಸಿದ ಜಾಗ ಅದೊಂದೇ. ಗಂಡ ಪಾರ್ಶ್ವ ಒಳ್ಳೆಯವನೇ, ಆದರೆ ಅವನಿಗೂ ಸಾಕಾಗಿತ್ತು. “ಈ ಸಲ ಡಾಕ್ಟರ್‌ಗೂ ಏನೂ ಸಿಗಲಿಲ್ಲ ಅಂದ್ರ ನೌಕರಿ ಬಿಟ್ಟುಬಿಡು” ಎಂದಿದ್ದ.

ಹಾಗಾಗಿ ಬೆಳಗಾವಿಯದೇ ಖಾಸಬಾಗದ ಡಾಕ್ಟರ್ ಪ್ರಮಿಳಾ ನಾಲ್ಕನೆಯವರು. ಕಿವಿಯಾರೆ ಕೇಳಬೇಕೆಂದು ಅತ್ತೆ ಅಕ್ಕಾತಾಯಿಯೂ ಬಂದಿದ್ದರು. ನೀರು ಸೋಸದೆ ಕುಡಿದವರಲ್ಲ, ಸೋಸಿದ ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ಬಾವಿಗೇ ಬಿಡುವವರು. ಕಣ್ಣಿಗೆ ಕಾಣದ ಜೀವವೂ ಜೀವವೇ ಅವರಿಗೆ. ಜೈನರ ಮನೆ; ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವಂತಿಲ್ಲ, ನಲವತ್ತು ವರ್ಷದಿಂದ ಆಮೇಲೆ ಒಲೆ ಹೊತ್ತಿಸಿದ್ದಿಲ್ಲ.

“ನಮ್ಮ ಕರುಳಾಗ ಕೋಟಿಗಟ್ಟಲೆ ಸಣ್ಣ ಜೀವ ಇರ್ತಾವ್ರೀ ಅಮ್ಮಾರ” ಎಂದರು ಡಾಕ್ಟರು. “ನಮಗ ಬೇಕಾದವು. ಚಿಂತಿ, ಗಡಿಬಿಡಿ ಹೆಚ್ಚಾದ್ರ ಅವುಗಳೊಳಗ ಒಳ್ಳೇವು ಕಡಿಮಿ ಆಗ್ತಾವ. ಆಮ್ಯಾಲೆ ಹೊಟ್ಟಿ ಕೆಡತೈತಿ, ಹೊಟ್ಟಿ ಕೆಟ್ರ ಮನಸ್ಸೂ ಕೆಡತೈತಿ. ಇಕಿದು ನಾಟಕ ಅಲ್ರೀ.”

“ಅಂದ್ರ ಇಕಿ ಹೊಟ್ಟ್ಯಾಗ ಜೀವ ಸಾಯಾಕತ್ತಾವ?”

“ಹಂಗ ಅನ್ರಿ ಬೇಕಾರ.”

ಮುಗಿಯಿತು ಕತೆ ಎಂದುಕೊಂಡಳು ಅನುಜಾ. ಜೀವಹಿಂಸೆಯ ಮಾತು ಬಂದ ಮೇಲೆ ನೌಕರಿ ಎಲ್ಲಿ ಉಳಿಯುತ್ತದೆ? ಜಗಳಕ್ಕೆ ತ್ರಾಣವಿರಲಿಲ್ಲ. ಬಿಟ್ಟರಾಯಿತು, ಮಲಗಿದರಾಯಿತು ಎನ್ನಿಸಿ ಕಣ್ಣು ತುಂಬಿತು.

ಐದೂವರೆಯ ಬಸ್ಸು ತುಂಬಿ ತುಳುಕುತ್ತಿತ್ತು. ಅತ್ತೆಗೆ ಹೇಗೋ ಸೀಟು ಸಿಕ್ಕಿತು. ಪೀರನವಾಡಿ ಬರುತ್ತಲೇ ಅನುಜಾ ನಿಂತಲ್ಲೇ ಡಬ್ಬಿ ತೆಗೆದಳು. ಒಂದು ತೋಳು ಕಂಬಕ್ಕೆ, ಕಣ್ಣು ಕಿಟಕಿಯಾಚೆ ಇಳಿಯುತ್ತಿದ್ದ ಸೂರ್ಯನ ಮೇಲೆ. ಹೊತ್ತು ಮುಳುಗುವ ಮೊದಲು, ಮುಂದಿನ ಊರು ಮಚ್ಛೆ ದಾಟುವುದರೊಳಗೆ ಎರಡು ರೊಟ್ಟಿ ಮುಗಿಯಬೇಕು, ಇಲ್ಲವಾದರೆ ಬೆಳಗಿನ ತನಕ ಉಪವಾಸ. ಅಗಿಯಲು ಪುರಸೊತ್ತೆಲ್ಲಿ? ಮುರಿದಳು, ತುರುಕಿದಳು, ನುಂಗಿದಳು. ಬಿಕ್ಕಳಿಕೆ ಬಂತು.

ಅಕ್ಕಾತಾಯಿ ಬಾಯಿ ತೆರೆದು ನೋಡುತ್ತಿದ್ದರು. ಆ ಡಬ್ಬಿ ಕಟ್ಟುವವರು ಅವರೇ. ಸೊಸೆ ನಾಲ್ಕಕ್ಕೆ ಕೌಂಟರಿನಲ್ಲಿ ಕೂತು ನೆಮ್ಮದಿಯಾಗಿ ಉಣ್ಣುತ್ತಾಳೆ ಎಂದು ಅವರ ಎಣಿಕೆ. ಐದರವರೆಗೆ ಕೌಂಟರಿನ ಮುಂದೆ ಸಾಲು ಕರಗುವುದಿಲ್ಲ ಎಂಬುದನ್ನು ಇವರು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

“ದಿನಾ ಹಿಂಗ ತಿಂತೀ?”

“ಹೂಂ ಅತ್ತ್ಯಾರ.”

“ಎಷ್ಟ ದಿನಾ ಆತು?”

“ಎರಡ ವರ್ಷ.”

ಅಕ್ಕಾತಾಯಿ ಕೈ ಚಾಚಿ ಡಬ್ಬಿಯ ಮುಚ್ಚಳ ಹಾಕಿದರು. “ಮನಿಗೆ ಹೋಗಿ ತಿನ್ನು.”

“ಹೊತ್ತು ಮುಳುಗತೈತಲ್ರೀ.”

“ಮುಳಗ್ಲಿ.”

ತಮ್ಮ ಡಬ್ಬಿಯನ್ನು ಅವರು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಮನೆ ಮುಟ್ಟಿದಾಗ ಏಳಾಗಿತ್ತು. ಪಾರ್ಶ್ವ ಬಾಗಿಲಲ್ಲೇ ಕೇಳಿದ, “ಏನಂದ್ರು? ನೌಕರಿ ಬಿಡ ಅಂದ್ರೋ ಇಲ್ಲೋ?”

“ನೌಕರಿ ಯಾಕ ಬಿಡಬೇಕು?” ಎಂದರು ಅಕ್ಕಾತಾಯಿ, ಚಪ್ಪಲಿ ಬಿಡುತ್ತ. “ಬಾವ್ಯಾಗಿನ ಜೀವ ಉಳಿಸ್ಕೋತ ಕುಂತೆ. ಮನ್ಯಾಗಿನ ಜೀವ ಬಸ್ಸಿನ್ಯಾಗ ಉಸಿರುಗಟ್ಟಾಕತ್ತಿತ್ತು. ನನಗ ಗೊತ್ತ ಇರ್ಲಿಲ್ಲ.”

ಒಲೆ ಹೊತ್ತಿತು. ಪಾರ್ಶ್ವ ಬೆರಗಾಗಿ ನಿಂತ. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ ತಟ್ಟೆಗೆ ಬಂತು.

“ನೀವು, ಅತ್ತ್ಯಾರ?”

“ನನ್ನ ವ್ರತ ನನಗ. ನಾಳೆ ಬೆಳಿಗ್ಗೆ ಉಣ್ತೀನಿ. ನಿನ್ನ ಪಾಪ ಏನಾರ ಇದ್ರ ಅದೂ ನನಗ ಇರ್ಲಿ.”

ಅನುಜಾ ಮುರಿದಳು, ತುರುಕಿದಳು, ನುಂಗಿದಳು. ಕಣ್ಣು ತಾನಾಗಿ ಕಿಟಕಿಗೆ ಹೋಯಿತು. ಹೊರಗೆ ಬರೀ ಕತ್ತಲೆ.

“ಯಾರನ್ನ ನೋಡ್ತಿ?” ಅಕ್ಕಾತಾಯಿ ಹೊಸ್ತಿಲ ಮೇಲೆ ಕೂತಿದ್ದರು. “ಸೂರ್ಯಪ್ಪ ಹೋಗಿ ತಾಸಾತು. ಅಗದು ತಿನ್ನ, ನನ್ನವ್ವಾ.”

ಅವಳಿಗೆ ಅಗಿಯಲು ಆಗಲಿಲ್ಲ. ಬಾಯಲ್ಲಿ ತುತ್ತು ಇಟ್ಟುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕಾತಾಯಿ ಕಾದರು. ಅಳು ನಿಲ್ಲುವಷ್ಟರಲ್ಲಿ ರೊಟ್ಟಿ ಆರಿತ್ತು. ಎದ್ದು ಇನ್ನೊಂದು ಬಡಿದರು.