ಕಾರ್ಡಿಗೆ ಕಟ್ಟಿದ ಫ್ರಿಜ್ಜು

ಫ್ರಿಜ್ ರಿಪೇರಿಯವನಿಗೆ ಜಗತ್ತಿನ ಯಾವ ಕಾಯಿಲೆಗೂ ತಂಪೇ ಮದ್ದು. ಇಪ್ಪತ್ತೆರಡು ವರ್ಷ ಅದೇ ಕಸುಬು ಮಾಡಿದವನ ತಲೆಗೆ ಬೇರೇನು ಹೊಳೆದೀತು ಹೇಳಿ! ಅಣ್ಣನ ಕಂಪ್ಯೂಟರ್ ಕಾದ ಕಾವಲಿಯಾಗಿದ್ದನ್ನು ನೋಡಿದವನೇ, ಗುಜರಿಗೆಂದು ಎತ್ತಿಟ್ಟಿದ್ದ ಪುಟ್ಟ ಫ್ರಿಜ್ಜೊಂದನ್ನು ಹೊತ್ತು ತಂದ.

ಅಣ್ಣ ಬಸ್ ಡ್ರೈವರ್ ಆಗಿದ್ದವನು. ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದು ಆರು ವರ್ಷ. ಸೊಂಟದ ಕೆಳಗೆ ಸ್ಪರ್ಶವೇ ಇಲ್ಲ. ಮಂಚಕ್ಕೆ ಅಡ್ಡಲಾಗಿ ಹಲಗೆ, ಹಲಗೆಯ ಮೇಲೆ ಆಟದ ಸ್ಟೇರಿಂಗ್, ವೇಗ, ಬ್ರೇಕು ಎಲ್ಲ ಅದರ ಗುಂಡಿಗಳಲ್ಲೇ, ಎದುರಿಗೆ ಪರದೆ. ಅದರಲ್ಲಿ ರೇಸ್ ಕಾರು ಓಡಿಸುತ್ತಾನೆ. ಬೇರೆ ಬೇರೆ ಊರಿನ ಮೂವರು ಕಟ್ಟಿದ ತಂಡಕ್ಕೆ ಅವನು ನಾಲ್ಕನೆಯವನು. ಅವರ ಮಾತೆಲ್ಲ ದಿಂಬಿನ ಪಕ್ಕದ ಮೊಬೈಲಿನಲ್ಲಿ. ಇವನು ಎದ್ದು ಕೂರಲಾರದವನೆಂದು ಅವರಿಗೆ ಗೊತ್ತಿಲ್ಲ. ಮನೆಗೆ ಬಂದವರೆಲ್ಲ 'ಅಯ್ಯೋ ಪಾಪ' ಎಂದೇ ಬಾಯಿ ತೆರೆಯುವಾಗ, ಯಾರೋ ಮೂವರು 'ಗುರು, ಆ ತಿರುವು ಹೆಂಗೆ ತಗೊಂಡೆ?' ಎಂದು ಕೇಳುವುದೇನು ಸಣ್ಣ ಮಾತೇ? ಅದೊಂದರಲ್ಲೇ ಅವನ ಜೀವ ನಿಂತಿತ್ತು.

ಆದರೆ ಆಟ ಹೊಸದಾಯಿತು, ಕಂಪ್ಯೂಟರ್ ಹಳೆಯದೇ ಉಳಿಯಿತು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡತೊಡಗಿತು. ತಿರುವಿನಲ್ಲಿ ಪರದೆ ತಡವರಿಸುವುದು, ಕಾರು ಗೋಡೆಗೆ ಬಡಿಯುವುದು. ಆ ಮಾದರಿಯ ಕಾರ್ಡು ಅಂಗಡಿಗಳಿಂದ ಕಾಣೆಯಾಗಿ ಎಷ್ಟೋ ಕಾಲವಾಗಿತ್ತು. ಹೊಸವು ಈ ಮುದಿ ಪೆಟ್ಟಿಗೆಗೆ ಹೊಂದುತ್ತಿರಲಿಲ್ಲ. ತಂಡದ ನಾಯಕ ಮುಲಾಜಿಲ್ಲದೆ ಹೇಳಿಬಿಟ್ಟ: "ಭಾನುವಾರ ಎರಡು ಓಟ ಓಡಿಸಿ ನೋಡ್ತೀವಿ ಗುರು. ಎರಡರಲ್ಲೂ ತಡವರಿಸದಿದ್ರೆ ನೀನೇ. ಇಲ್ಲಾಂದ್ರೆ ಬೇರೆಯವನು ರೆಡಿ ಇದ್ದಾನೆ."

"ಶೇಡರ್ ಕ್ಲಾಕ್ ಏರಿಸಬಹುದಂತೆ ಕಣೋ," ಎಂದ ಅಣ್ಣ. "ಬೆಳಕು, ನೆರಳು ಲೆಕ್ಕ ಹಾಕೋ ಭಾಗ ಅದು. ಅದರ ವೇಗ ಹೆಚ್ಚಿಸಿದ್ರೆ ಚಿತ್ರ ಬೇಗ ಬರುತ್ತೆ."

"ಕಾಯಲ್ವಾ?"

"ಕಾಯುತ್ತೆ. ಅದಕ್ಕೇ ನೀನಿರೋದು."

ಶನಿವಾರ ಇಬ್ಬರೂ ಸೇರಿ ಇಪ್ಪತ್ತೈದು ಮೆಗಾಹರ್ಟ್ಸ್, ಮತ್ತೆ ಇಪ್ಪತ್ತೈದು ಎಂದು ಆ ವೇಗವನ್ನು ಏರಿಸುತ್ತ ಹೋದರು. ಪರದೆಯ ಆಕಾಶದಲ್ಲಿ ಗುಲಾಬಿ ಚುಕ್ಕೆಗಳು ಸುರಿದವು. ಕಾರ್ಡು ತೊಂಬತ್ತೈದು ಡಿಗ್ರಿ ದಾಟಿತ್ತು. ಆಗ ತಮ್ಮ, ಹೊತ್ತು ತಂದಿದ್ದ ಫ್ರಿಜ್ಜಿನ ತಂಪು ಕೊಡುವ ತಾಮ್ರದ ಕೊಳವೆ ಬಿಚ್ಚಿ, ಬಗ್ಗಿಸಿ, ಕಾರ್ಡಿನ ಬೆನ್ನಿಗೆ ಕಟ್ಟಿ, ಹೊಸದಾಗಿ ಗ್ಯಾಸ್ ತುಂಬಿದ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದಳು.

"ನನ್ನ ಅಡುಗೆಮನೆ ಫ್ರಿಜ್ ಕೆಟ್ಟು ತಿಂಗಳಾಯ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು!"

"ಸೋಮವಾರ ನಿಮ್ಮದೇ ಅತ್ತಿಗೆ, ಆಣೆ ಮಾಡ್ತೀನಿ."

ತಣ್ಣನೆಯ ಕೊಳವೆ ಬೆವರುತ್ತದೆಂದು ಅವನಿಗೆ ತಿಳಿಯದೇ? ತಿಳಿದಿತ್ತು. ಉರಿಯುವ ಕಾರ್ಡಿನ ಮೇಲೆ ಹನಿ ನಿಂತೀತೇ ಎಂದುಕೊಂಡ. ಕಾರ್ಡು ಉರಿಯುತ್ತಿರುವವರೆಗೆ ಆ ಮಾತು ಸರಿಯೇ.

ಭಾನುವಾರ ಮಧ್ಯಾಹ್ನ ಮೊದಲ ಓಟ. ಅಬ್ಬಾ, ಅದನ್ನು ನೋಡಬೇಕಿತ್ತು! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾರು ಹೋಯಿತು. ತಿರುವು ಬಂದಾಗ ಅಣ್ಣನ ಭುಜವೂ ವಾಲುತ್ತಿತ್ತು. ಎಲ್ಲರನ್ನೂ ಹಿಂದಿಕ್ಕಿ ಮುಗಿಸಿದಾಗ ಮೊಬೈಲಿನಲ್ಲಿ ನಾಯಕ ಕೂಗಿದ: "ನೀನು ಮನುಷ್ಯನಾ ದೆವ್ವಾನಾ! ಹದಿನೈದು ನಿಮಿಷ ಬಿಟ್ಟು ಇನ್ನೊಂದು."

"ಲೋ ತಮ್ಮಾ, ಕಾಲಿಲ್ಲ ಅನ್ನೋದೇ ಮರ್ತೋಗಿತ್ತು ಕಣೋ," ಎಂದ ಅಣ್ಣ. ಕಣ್ಣಲ್ಲಿ ನೀರಿತ್ತು.

ತಮ್ಮನ ಕೈ ಫ್ರಿಜ್ಜಿನ ಕಂಪ್ರೆಸರ್ ಆರಿಸಲು ಸ್ವಿಚ್ಚಿನವರೆಗೂ ಹೋಯಿತು. ಹೋಗಿ, ಹಿಂದೆ ಬಂತು. ಆರಿಸಿದ ಕಂಪ್ರೆಸರನ್ನು ತಕ್ಷಣ ಹಾಕಿದರೆ ಅದು ಸುಟ್ಟುಹೋಗುತ್ತದೆ, ಓಡುತ್ತಿರುವುದನ್ನು ಸುಮ್ಮಸುಮ್ಮನೆ ನಿಲ್ಲಿಸಬಾರದು. ಕಸುಬು ಕಲಿಸಿದ ಮೇಸ್ತ್ರಿ ತಲೆಗೆ ಮೊಟಕಿ ಕಲಿಸಿದ ಪಾಠ. ತಂಡದವರು ಓಟವನ್ನು ಬೇಗ ಶುರುಮಾಡಿಬಿಟ್ಟರೆ? ಓಡಲಿ ಬಿಡು ಎಂದು ಬಿಟ್ಟ.

ಬಿಡುವಿನಲ್ಲಿ ಕಾರ್ಡಿಗೆ ಕೆಲಸವಿಲ್ಲ, ಉರಿ ಇಳಿಯಿತು. ಫ್ರಿಜ್ಜು ಮಾತ್ರ ತನ್ನ ಪಾಡಿಗೆ ಕೊರೆಯುತ್ತಲೇ ಇತ್ತು. ಇಬ್ಬರೂ ನಗುತ್ತ ಚಹಾ ಕುಡಿಯುವಷ್ಟರಲ್ಲಿ ಕೊಳವೆಗೆ ಬಿಳಿ ಹಿಮ ಕಟ್ಟಿತು, ಅಂಚಿನಲ್ಲಿ ಹನಿಗೂಡಿತು, ಕಾರ್ಡಿನೊಳಗೆ ಇಳಿಯಿತು. ಚಟ್ ಎಂದಿತು. ಪರದೆ ಕಪ್ಪಾಯಿತು.

ಕಾರ್ಡನ್ನು ಒರೆಸಿದ ತಮ್ಮ. ಊದಿದ. ಅತ್ತಿಗೆಯ ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಹಿಡಿದ. ಕಂಡ ದೇವರಿಗೆಲ್ಲ ಕೈ ಮುಗಿದ. ಸುಟ್ಟ ವಾಸನೆ ಬಂದ ಮೇಲೆ ಯಾವ ಯಂತ್ರವೂ ಎದ್ದು ಕೂರುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಗುರು, ರೆಡಿನಾ?" ಎಂದಿತು ಮೊಬೈಲು.

"ಪರದೆ ಹೋಯ್ತು," ಎಂದ ಅಣ್ಣ.

"ಛೆ! ಸರಿ, ಬೇರೆಯವನನ್ನ ಹಾಕ್ಕೋತೀವಿ. ಮತ್ತೆ ಸಿಗೋಣ."

ಓಟ ಶುರುವಾಯಿತು. ನಾಲ್ವರೂ ಕೂಗಾಡುವುದು ಕೋಣೆಯ ತುಂಬ ಕೇಳುತ್ತಿತ್ತು.

"ನನ್ನಿಂದಲೇ ಆಯ್ತಣ್ಣ," ತಮ್ಮ ಬಿಕ್ಕಿದ. "ಒಂದು ಸ್ವಿಚ್ ಒತ್ತಿದ್ರೆ ಸಾಕಿತ್ತು. ಫೋನಾದ್ರೂ ಆರಿಸ್ಲಾ?"

"ಬೇಡ, ಮುಗೀಲಿ. ಸುಮ್ನಿರು, ಕೇಳಿಸಲ್ಲ."

ಹೊಸಬ ಗೆದ್ದ. ನಗು, ಚಪ್ಪಾಳೆ, ಆಮೇಲೆ ಒಬ್ಬೊಬ್ಬರಾಗಿ ಹೊರಟುಹೋದರು. ಇವನನ್ನು ಯಾರೂ ಕೇಳಲಿಲ್ಲ.

"ಸ್ಟೇರಿಂಗ್ ಬಿಚ್ಚು," ಎಂದ ಅಣ್ಣ. "ಹಲಗೆನೂ ತೆಗೆದುಬಿಡು. ಬೆಳಿಗ್ಗೆ ಕಣ್ಣು ಬಿಟ್ಟಾಗ ಕಾಣಬಾರದು."

ತಮ್ಮ ಒಂದೊಂದೇ ಸ್ಕ್ರೂ ಬಿಚ್ಚಿ ಎರಡನ್ನೂ ಎತ್ತಿ ಗೋಡೆಗೆ ಒರಗಿಸಿದ. ಅಣ್ಣನ ಕೈಗಳು ಗಾಳಿಯಲ್ಲೇ ಉಳಿದವು. ಅವನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.